ಅಪ್ಪನ ಅಂಬಾಸಿಡರಿಗೆ ಐದನೇ ಗೇರು

ರೀ,

ನಾನು ಹುಲಿಹೈದರಕ್ಕ ಅಣ್ಣನ ಮನಿಗೆ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವ, ಪುಂಡಿಪಲ್ಯ ಒಲಿ ಮ್ಯಾಲೈತಿ. ಎಮ್ಮಿಗೆ ನೀರು ಕುಡಸ್ರಿ, ಮರೀಬ್ಯಾಡ್ರಿ.

ಅಂಗಳದಾಗ ಕಾರು ಕಾಣಲಿಲ್ಲಂತ ಓಣಿಯೆಲ್ಲಾ ಹುಡುಕಬ್ಯಾಡ್ರಿ. ನಾನ ಒಯ್ದೀನಿ.

ನಮ್ಮಪ್ಪನ ಹಳೇ ಅಂಬಾಸಿಡರಿಗೆ ಬ್ಯಾರೆ ಎಂಜಿನ್ನು, ಐದು ಗೇರಿನ ಗೇರ್‌ಬಾಕ್ಸು ಹಾಕಿಸಿದ್ರಿ. "ಇನ್ನ ಹೈವೇದಾಗ ಒದರೂದಿಲ್ಲ, ನಿನ್ನ ತವರಿಗೆ ಆರಾಮ ಹೋಗೂಣು" ಅಂದ್ರಿ. ನನ್ನ ತವರಿನ ಹೆಸರು ತಗದ್ರ ತಲಿ ನೋಯಿಸಿಕೊಳ್ಳೋ ಮನಷ್ಯಾಗ ಇದೇನು ಹೊಸಾ ಅಕ್ಕರತಿ ಅಂತ ಅವತ್ತ ಅನಸ್ತು.

ನಿನ್ನೆ ನೀವು ಸಂತಿಗೆ ಹೋದಾಗ ಹೊಸಪೇಟಿಯಿಂದ ಒಬ್ಬಾತ ಬಂದಿದ್ದ. ಚಾ ಕೊಟ್ಟೆ. ಅಂವ ಕಾರಿನ ಕೆಳಗೆಲ್ಲಾ ಬಗ್ಗಿ ನೋಡಿ, "ಅಕ್ಕಾರ, ಹಳೇ ಎಂಜಿನ್ನೂ ಗಾಡಿ ಜೋಡಿನ ಕೊಡ್ತೀನಿ ಅಂದಿದ್ರು ನಿಮ್ಮ ಯಜಮಾನ್ರು, ಎಲ್ಲೈತ್ರಿ?" ಅಂದ. ನನಗ ಗೊತ್ತಿಲ್ಲಂತ ಹೇಳಿ ಕಳಿಸಿದೆ. ಸಂಜಿಮುಂದ ನೀವು ಬಂದಾಗ, "ಯಾರರ ಬರೋರಿದ್ರೇನ್ರಿ?" ಅಂತ ಕೇಳಿದೆ. "ಯಾರೂ ಇಲ್ಲ" ಅಂದ್ರಿ. ನನ್ನ ಮಾರಿ ಸೈತ ನೋಡಲಿಲ್ಲ.

ಗಾಡಿ ಹೊಡಿಯೂದು ಅಪ್ಪ ನನಗ ಕಲಿಸಿದ್ದು ಇದರಾಗ. ಸಾಯೂಮುಂದ ಚಾವಿ ಇಟ್ಟಿದ್ದು ನನ್ನ ಕೈಯಾಗ, ನಿಮ್ಮ ಕೈಯಾಗಲ್ಲ. ಎಂಜಿನ್ನು ಬದಲಾದ್ರ ಮಾಲಕರೂ ಬದಲಾಗ್ತಾರೇನು?

ನನ್ನ ಸಂಶೇ ಸುಳ್ಳಾದ್ರ ನನಗಿಂತ ಖುಷಿ ಪಡೋರು ಯಾರೂ ಇಲ್ಲ. ಯಲಬುರ್ಗಾ ಸ್ಟ್ಯಾಂಡಿನಾಗ ಬಸ್ಸು ಹತ್ತಿ ಬರ್ರಿ. ಮಾರಾಕ ಮಾಡಿಸಿದ್ರೋ, ನನ್ನ ಕರಕೊಂಡು ಹೋಗಾಕೋ, ಅಣ್ಣನ ಮುಂದ ಕುಂತು ಹೇಳ್ರಿ. ಅಲ್ಲೀತನಕ ಚಾವಿ ನನ್ನ ಸೆರಗಿನ ಗಂಟಿನಾಗ ಇರ್ತೈತಿ.

ಲಲಿತಾ