ತೊಗರಿಗೆ ರಾತ್ರಿ ಬೇಕು

ಗಾಜಿಪುರ, ಕಲಬುರಗಿ
ನವೆಂಬರ್ 21

ಅವ್ವನಿಗೆ ತ್ರಿವೇಣಿಯ ಜೈ ಭೀಮ್.

ಕೂಸು ಆರಾಮ ಇದೆ. ಈಗ ಮಧ್ಯಾಹ್ನ, ತೊಟ್ಟಿಲಲ್ಲಿ ಮಲಗಿದೆ. ನನಗೆ ಮಾತ್ರ ಹಗಲೂ ನಿದ್ದೆಯಿಲ್ಲ, ರಾತ್ರಿಯೂ ಇಲ್ಲ. ಫೋನಿನಲ್ಲಿ ಮನೆ ಮುಂದಿನ ದೀಪದ ಮಾತು ತೆಗೆದರೆ ಸಾಕು, "ಹಾಲು ಉಕ್ಕಾಕತ್ತದ, ಇಡ್ತೀನಿ" ಅನ್ನುತ್ತೀ. ದಿನಕ್ಕೆ ಎಷ್ಟು ಸಲ ಹಾಲು ಉಕ್ಕುತ್ತದೆ ಅವ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ನೀನು ಕತ್ತಲಲ್ಲಿ ಮನೆ ಮುಂದಿನ ಚರಂಡಿಗೆ ಜಾರಿ ಬಿದ್ದೆ. ಪಕ್ಕದ ಹೊಲದ ಶಿವಕಾಂತಮ್ಮ ಚಿಗವ್ವ ನಿನ್ನ ನರಳಾಟ ಕೇಳಿ ಓಡಿ ಬರುವವರೆಗೆ ಅಲ್ಲೇ ಇದ್ದೆ. ಅಂದಿನಿಂದ ಕಣ್ಣು ಮುಚ್ಚಿದರೆ ನನಗೆ ಆ ಚರಂಡಿಯೇ ಕಾಣುತ್ತದೆ. ಅದಕ್ಕೇ ಬಸುರಿಯಾಗಿದ್ದರೂ ಕಮಲಾಪುರಕ್ಕೆ ನಾಲ್ಕು ಸಲ ಬಂದು, ಪಂಚಾಯಿತಿಗೆ ಅಲೆದು ದೀಪದ ಕಂಬ ಹಾಕಿಸಿದೆ. ಇರುವುದರಲ್ಲೇ ದೊಡ್ಡ ದೀಪ ಬೇಕೆಂದು ಹಟ ಹಿಡಿದವಳು ನಾನೇ.

ಹೋದ ವಾರ ಬಂದಾಗ ಸುತ್ತಲಿನ ತೊಗರಿಯೆಲ್ಲ ಹಳದಿ ಹೂ ಬಿಟ್ಟಿತ್ತು. ಚಿಗವ್ವನ ಹೊಲದಲ್ಲಿ ನಮ್ಮ ದೀಪ ಬೀಳುವಷ್ಟು ಜಾಗ ಮಾತ್ರ ಹಚ್ಚಹಸಿರು, ಒಂದು ಹೂವಿಲ್ಲ. ರೋಗವಿರಬೇಕು ಎಂದುಕೊಂಡು, ಕೃಷಿ ಕಾಲೇಜಿನಲ್ಲಿ ಕಲಿಸುವ ಗೆಳತಿ ಬುಶ್ರಾಗೆ ಫೋಟೋ ಕಳಿಸಿದೆ. "ತೊಗರಿಗಿ ಉದ್ದನ್ನ ರಾತ್ರಿ ಸಿಕ್ರನ ಹೂ ಬಿಡ್ತದ. ನಿನ್ನ ದೀಪ ಅದಕ್ಕ ರಾತ್ರಿನ ಆಗಗೊಡವಲ್ದು" ಎಂದಳು.

ಚಿಗವ್ವನಿಗೆ ಇದನ್ನು ತಿಳಿಯಲು ಕಾಲೇಜು ಬೇಕಾಗಿರಲಿಲ್ಲ. "ನನ್ನ ತೊಗರಿ ಏನ ಬಾಣಂತೇನು, ರಾತ್ರಿಯೆಲ್ಲಾ ದೀಪ ಹಚ್ಚಿಡಾಕ?" ಎಂದು ಸಂತೆಯಲ್ಲಿ ಎಲ್ಲರ ಮುಂದೆ ಅಂದಳಂತೆ. ಪಂಚಾಯಿತಿಗೆ ಹೋಗಿ ಜಗಳವಾಡಿದರೆ, ಕಂಬಕ್ಕೆ ಪಕ್ಕದ ಹೊಲದವರ ಒಪ್ಪಿಗೆಯೆಂದು ಅವಳದೇ ಸಹಿ ತೋರಿಸಿದರಂತೆ. ಅವಳು ಹಾಕದ ಸಹಿ. ನೀನು "ನಾನ ಹಾಕೀನಿ" ಅಂದುಬಿಟ್ಟೆಯಂತೆ. ಬೇಸಿಗೆಯಲ್ಲಿ ಸಣ್ಣವಳಿದ್ದ ನನ್ನನ್ನು ನಡುವೆ ಮಲಗಿಸಿಕೊಂಡು, ಮಾಳಿಗೆಯ ಮೇಲೆ ಚುಕ್ಕಿ ತೋರಿಸುತ್ತ ಊರ ಸುದ್ದಿಯೆಲ್ಲ ಆಡಿದವರು ನೀವಿಬ್ಬರು. ಈಗ ಮಾತು ಬಿಟ್ಟಿದ್ದೀರಿ. ಹೋದ ವಾರ ರಾತ್ರಿ ನಾನು ಕೂಸನ್ನು ಎತ್ತಿಕೊಂಡು ಆ ಮಾಳಿಗೆ ಹತ್ತಿದ್ದೆ. ಒಂದು ಚುಕ್ಕಿಯೂ ಕಾಣಲಿಲ್ಲ. ಕೂಸು ದೀಪ ನೋಡಿ ಕಣ್ಣು ಕಿವುಚಿ ಅತ್ತಿತು.

"ದೀಪ ತಗಸು, ಬ್ಯಾಟರಿ ಹಿಡಕೊಂಡು ಅಡ್ಡಾಡ್ತೀನಿ" ಅನ್ನುತ್ತೀ. ಬಿದ್ದ ದಿನವೂ ಬ್ಯಾಟರಿ ನಿನ್ನ ಕೈಯಲ್ಲೇ ಇತ್ತು. ಪೂರ್ತಿ ಕತ್ತಲಿಗೆ ನನ್ನ ಮನಸ್ಸು ಒಪ್ಪುವುದಿಲ್ಲ ಅವ್ವಾ. ಲೈನ್‌ಮನ್ ಪೀರಪ್ಪ ಕಾಕಾ ಶನಿವಾರ ಬರುತ್ತಾರೆ. ದೊಡ್ಡದನ್ನು ಇಳಿಸಿ, ಮೆಟ್ಟಿಲ ಹತ್ತಿರ ಕಡಿಮೆ ಎತ್ತರದಲ್ಲಿ ಸಣ್ಣ ಹಳದಿ ದೀಪ, ಅದರ ಮೇಲೆ ತಗಡಿನ ಮುಚ್ಚಳ. ಬೆಳಕು ಚರಂಡಿಯವರೆಗೆ ಬಂದರೆ ಸಾಕು, ಹೊಲಕ್ಕೆ ಬೇಡ, ಮಾಳಿಗೆಗೂ ಬೇಡ. ಇನ್ನಾದರೂ ಆ ಜಾಗದ ತೊಗರಿ ಹೂ ಬಿಡುತ್ತದೋ ಇಲ್ಲವೋ, ಬುಶ್ರಾ ಕೂಡ ಹೇಳಲಾರಳು.

ಅಷ್ಟರೊಳಗೆ ಯಾರಾದರೂ ದೀಪ ಆರಿಸಿದರೆ, ಕತ್ತಲಾದ ಮೇಲೆ ಹೊರಗೆ ಕಾಲಿಡಬೇಡ.

ನಿನ್ನ ಮಗಳು,
ತ್ರಿವೇಣಿ

ತಾ.ಕ.: ದೀಪ ಬದಲಿಸಲೂ ಚಿಗವ್ವನ ಒಪ್ಪಿಗೆ ಬೇಕಂತೆ. ಮಾತು ಬಿಟ್ಟಿದ್ದರೂ ಹೋಗಿ, ಈ ಪತ್ರವನ್ನು ಅವಳೆದುರು ಗಟ್ಟಿಯಾಗಿ ಓದು, ಇದನ್ನೂ ಸೇರಿಸಿ. ಆ ಸಹಿ ಹಾಕಿದವಳು ನಾನು. ಕೇಳಿದರೆ ಬೇಡ ಅಂದಾಳೆಂದು ಹೆದರಿ ಕೇಳಲೇ ಇಲ್ಲ. ಹೆಬ್ಬೆಟ್ಟು ಒತ್ತುವವಳ ಹೆಸರನ್ನು ದುಂಡಗೆ ಬರೆದು ಕೊಟ್ಟುಬಿಟ್ಟೆ. ನನ್ನ ಅಕ್ಷರ ನೋಡಿದೊಡನೆ ನಿನಗೆ ಗೊತ್ತಾಗಿತ್ತು, ಅಲ್ಲವಾ? ಶನಿವಾರ ಕೂಸನ್ನು ಎತ್ತಿಕೊಂಡು ಮೊದಲು ಅವಳ ಬಾಗಿಲಿಗೇ ಹೋಗುತ್ತೇನೆ. ಬೈದರೆ ಬೈಯಲಿ, ನೀನು ನಡುವೆ ಬರಬೇಡ.