ಬಲಕ್ಕೆ ಬಿದ್ದ ಹೂವು

ನವೆಂಬರ್ 4, ಸೋಮವಾರ. ಬೆಳಿಗ್ಗೆ

ತಿಂಡಿ ಆಯ್ತು. ಮಾತ್ರೆ ನುಂಗಿದೆ. ಎಂದಿನಂತೆ ಅತ್ತೆಯ ಕಣ್ಣು ನನ್ನ ಗಂಟಲ ಮೇಲೆ. ಮಾತ್ರೆ ಕೆಳಗಿಳಿಯುವ ತನಕ ನೋಡುತ್ತಾಳೆ, ಆಮೇಲೆ ಮೀನಿನ ಬುಟ್ಟಿ ಎತ್ತಿಕೊಳ್ಳುತ್ತಾಳೆ. ಇವತ್ತಿನ ಆಶೀರ್ವಾದ: "ಗುಳಿಗೆ ತಿಂದೇ ಬದುಕೂದಾ ನೀನು? ನಾವೆಲ್ಲ ಗಂಜಿ ಕುಡ್ದು ಬದುಕ್ದೋರು."

ಉತ್ತರ ಕೊಟ್ಟರೆ ಬಸ್ಸು ತಪ್ಪುತ್ತದೆ. ಮಂಕಿಯಿಂದ ಭಟ್ಕಳದವರೆಗೆ ನಿಂತೇ ಹೋಗಬೇಕು, ಸೊಸೈಟಿ ಕೌಂಟರಿನಲ್ಲಿ ಸಂಜೆ ತನಕ ಕಂಡವರಿಗೆಲ್ಲ ನಗಬೇಕು. ಇರುವ ಚೂರು ನಗುವನ್ನು ಇವಳ ಮೇಲೆ ಖರ್ಚು ಮಾಡಲಾರೆ.

ಅತ್ತೆ ದುರ್ಗಮ್ಮ ಅಂದರೆ ಮೀನು ಮಾರ್ಕೆಟ್ಟಿನಲ್ಲಿ ಏಜೆಂಟರೂ ದನಿ ತಗ್ಗಿಸುತ್ತಾರೆ. ನನ್ನನ್ನು ಅಲ್ಲಿ 'ಹುಚ್ಚು ಸೊಸೆ' ಮಾಡಿಟ್ಟವಳೂ ಅವಳೇ. ಗಂಡ ಅಜಯ ಬೋಟಿನಲ್ಲಿ, ವಾರಕ್ಕೊಮ್ಮೆ ಮನೆಗೆ. ಮಿಕ್ಕ ದಿನ ನಾವಿಬ್ಬರೇ — ಹಾವು, ಮುಂಗುಸಿ. ಯಾರು ಯಾವುದು ಅಂತ ದಿನಾ ಬದಲಾಗುತ್ತದೆ.

ನವೆಂಬರ್ 7, ಗುರುವಾರ

ಮಾತ್ರೆ ಕಡಿಮೆ ಇದೆ.

ಸೋಮವಾರ ಒಡೆದ ಸ್ಟ್ರಿಪ್. ಕೊನೆಯದು. ಮುಂದಿನ ಗುರುವಾರ ಡಾಕ್ಟರ ಹತ್ತಿರ ಹೋಗುವ ತನಕ ಸರಿಯಾಗಿ ಸಾಲಬೇಕಿತ್ತು. ಎರಡು ಹೆಚ್ಚಿಗೆ ಖಾಲಿ. ಹೋದ ತಿಂಗಳೂ ಹೀಗೇ ಅನಿಸಿತ್ತು, ನನ್ನ ತಲೆಯನ್ನೇ ಅನುಮಾನಿಸಿದ್ದೆ. ಈಗ ಇಲ್ಲ. ನಾನು ಕ್ಯಾಶಿಯರ್.

ಮನೆಯಲ್ಲಿ ಇರುವುದು ನಾನು, ಅತ್ತೆ, ಬೆಕ್ಕು. ಬೆಕ್ಕಿಗೆ ಖಿನ್ನತೆ ಇಲ್ಲ.

ನೇರ ಕೇಳಿದೆ. "ಅತ್ತೆ, ನನ್ನ ಮಾತ್ರೆ ಮುಟ್ಟಿದ್ರಾ?"

"ನಿನ್ನ ಗುಳಿಗೆ ನಂಗೆಂತಕ್ಕೆ? ನಂಗೆಂತ ಹುಚ್ಚಾ?"

ಬಚ್ಚಲ ಒಲೆಗೆ ಹಾಕಿರಬೇಕು. ಬೂದಿಯಲ್ಲಿ ಕೆದಕಿದೆ. ಏನೂ ಸಿಗಲಿಲ್ಲ. ಉಳಿದದ್ದನ್ನು ಬ್ಯಾಗಿನೊಳಗೆ ಹಾಕಿಕೊಂಡೆ. ನಾಳೆಯಿಂದ ಅರ್ಧರ್ಧ ಮಾಡಿ ತಿಂದರೆ ಗುರುವಾರದ ತನಕ ಎಳೆಯಬಹುದು.

ನವೆಂಬರ್ 9, ಶನಿವಾರ

ಬಸ್‌ಸ್ಟಾಪಿನಲ್ಲಿ ಕಮಲಿ ಸಿಕ್ಕಳು. ಅತ್ತೆಯ ಪಕ್ಕ ಕೂತು ಮೀನು ಮಾರುವವಳು. ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

"ನಿನ್ನತ್ತೆ ದಸರಾ ಟೈಮಲ್ಲಿ ಅಮ್ಮನೋರ ಗುಡೀಲಿ ಪ್ರಸಾದ ಕೇಳ್ದು, ಗೊತ್ತುಂಟಾ? ನಿನ್ನ ಗುಳಿಗೆ ವಿಷ್ಯನೇ. ಬಲಕ್ಕೇ ಬಿತ್ತು ಹೂವು!"

ಅಂದರೆ ಇದು ಬರೀ ಹೊಟ್ಟೆಕಿಚ್ಚಲ್ಲ, ದೇವರ ಅಪ್ಪಣೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ನಿಂತಳು, ಭಟ್ಟರು ದೇವಿಯ ಮೈಗೆ ಹೂ ಹಚ್ಚಿದರು, ಬಲಗಡೆಯದು ಉದುರಿತು — ಆತು, ಸೊಸೆಯ ಔಷಧ ಬಂದ್! ನನ್ನ ತಲೆಯೊಳಗಿನ ವಿಷಯ ಒದ್ದೆ ಹೂವಿಗೆ ಏನು ಗೊತ್ತು?

ಅಜಯನಿಗೆ ಫೋನ್ ಮಾಡಿದೆ. "ನೀವಿಬ್ರೇ ನೋಡ್ಕಣಿ. ಇಲ್ಲಿ ಬಲೆ ಹರ್ದು ಕೂತದೆ." ಇಟ್ಟ.

ಅತ್ತೆಯ ಕೈಮೇಲೆ ನೀಲಿ ಕಲೆಗಳು. ಹಲ್ಲುಜ್ಜಿದರೆ ರಕ್ತ ಉಗಿಯುತ್ತಾಳೆ. ಮಂಡಿನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ಕಡಲೆಯ ಹಾಗೆ ತಿನ್ನುತ್ತಾಳೆ, ಅದಕ್ಕೆ ಯಾವ ಹೂವನ್ನೂ ಕೇಳುವುದಿಲ್ಲ. ಕೇಳಲಿಲ್ಲ ನಾನೂ, ಏನಾಯ್ತು ಅಂತ. ಸಾಯಲಿ.

ನವೆಂಬರ್ 12, ಮಂಗಳವಾರ

ಅರ್ಧ ಮಾತ್ರೆ ಸಾಲುತ್ತಿಲ್ಲ. ಕಣ್ಣು ಹೊರಳಿಸಿದರೆ ತಲೆಯೊಳಗೆ ಸಣ್ಣ ಕರೆಂಟು. ಕೌಂಟರಿನಲ್ಲಿ ಒಬ್ಬ ಮುದುಕನ ಮೇಲೆ ಕೂಗಾಡಿದೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ.

ಹೋದ ಮಳೆಗಾಲ ನೆನಪಾಗುತ್ತಿದೆ... ಸ್ನಾನ ಇಲ್ಲ, ತಲೆ ಬಾಚಿದ್ದಿಲ್ಲ. ಬಾವಿಕಟ್ಟೆ ಹತ್ತಿರ ಹೋಗಲು ನನಗೇ ಹೆದರಿಕೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದೇನೆ. ಈ ಮುದುಕಿ ನನ್ನನ್ನು ಮತ್ತೆ ಅಲ್ಲಿಗೇ ನೂಕುತ್ತಿದ್ದಾಳೆ.

ಅವಳೂ ಇವತ್ತು ಮಾರ್ಕೆಟ್ಟಿಗೆ ಹೋಗಲಿಲ್ಲ. ಕೈ ನಡುಗಿ ಅನ್ನದ ಪಾತ್ರೆ ಬೀಳಿಸಿದಳು. ಒಳ್ಳೆಯದಾಯ್ತು.

ನವೆಂಬರ್ 14, ಗುರುವಾರ

ಕುಮಟಾ. ಹೊನ್ನಾವರ ದಾಟಿ ಅಷ್ಟು ದೂರ ಯಾಕೆ ಅಂದರೆ ಹೊನ್ನಾವರದ ಮೆಡಿಕಲ್ ಶಾಪಿನಲ್ಲಿ ಚಿಕ್ಕಮ್ಮನ ಮಗನಿದ್ದಾನೆ. ಸಂಜೆಯೊಳಗೆ ಮಂಕಿಗೆಲ್ಲ ಸುದ್ದಿ.

ಡಾಕ್ಟರಮ್ಮ ಬೈದರು. "ಅರ್ಧ ಮಾಡಿ ಅಂತ ನಾನು ಹೇಳಿದ್ನಾ? ಮಾತ್ರೆ ಕಡಿಮೆ ಬಿತ್ತು ಅಂತ ಒಂದು ಫೋನ್ ಮಾಡೂಕೆ ಏನಾಗಿತ್ತು? ನಿಲ್ಲಿಸೋ ಕಾಲ ಬಂದ್ರೆ ಇಬ್ಬರೂ ಸೇರಿ ನಿಧಾನಕ್ಕೆ ಇಳಿಸೋಣ. ನಿಮ್ಮಷ್ಟಕ್ಕೆ ನೀವು ಮಾಡಬೇಡಿ." ಬಾವಿಕಟ್ಟೆ ವಿಷಯವನ್ನೂ ಕೇಳಿದರು. ಹೇಳಿದೆ. ಹಾಗೇನಾದರೂ ಮತ್ತೆ ಅನಿಸಿದರೆ ಯಾವ ಹೊತ್ತಾದರೂ ಸರಿ ಅಂತ ನಂಬರ್ ಬರೆದುಕೊಟ್ಟರು.

ಮತ್ತೆ ಪೂರ್ತಿ ಮಾತ್ರೆ. ಹೊಸ ಸ್ಟ್ರಿಪ್ಪುಗಳು ಆಫೀಸಿನ ಡ್ರಾವರಿನಲ್ಲಿ, ಬೀಗ ಹಾಕಿ. ಇನ್ನು ಹೂವು ಎತ್ತ ಬೇಕಾದರೂ ಬೀಳಲಿ.

ನವೆಂಬರ್ 24, ಭಾನುವಾರ

ಬರೆಯದೆ ಹತ್ತು ದಿನ. ಚೆನ್ನಾಗಿದ್ದೆ, ಅದಕ್ಕೆ. ಇವತ್ತು ಬರೆಯಲೇಬೇಕು.

ಭಾನುವಾರದ ಒಂದು ಮಾತ್ರೆ ಬ್ಯಾಗಿನಲ್ಲಿ ತಂದಿಟ್ಟಿದ್ದೆ. ಸ್ನಾನ ಮುಗಿಸಿ ಬರುತ್ತೇನೆ — ಅತ್ತೆಯ ಕೈ ನನ್ನ ಬ್ಯಾಗಿನಲ್ಲಿ. ಸಿಕ್ಕಿಬಿದ್ದಳು! ಐದು ವರ್ಷದ ಬೈಗುಳ ಒಟ್ಟಿಗೆ ಬಾಯಿಗೆ ಬಂತು. ಅಷ್ಟರಲ್ಲಿ ಅವಳು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಳು. ನೀರೂ ಇಲ್ಲದೆ ನುಂಗಿದಳು.

ಬ್ಯಾಗು ಕಿತ್ತುಕೊಂಡೆ.

"ದೇವ್ರ ಕೇಳೇ ತಕಂಡದ್ದು," ಅಂದಳು. "ನಾನೂ ತಕಳ್ಳಕ್ಕಾ ಅಂತ ಕೇಳ್ದೆ. ಬಲಕ್ಕೆ ಬಿತ್ತು."

"ನಿಮಗೆಂತಕ್ಕೆ?"

ನೆಲ ನೋಡುತ್ತಾ ಅಂದಳು — "ಬೆಳಗಾದ್ರೆ ಹೆದ್ರಿಕೆ. ಹರಾಜು ಕೂಗೂಕೆ ಶುರು ಮಾಡಿದ್ರೆ ಎದೆ ಹೊಡ್ಕಂತದೆ. ಎಂತಕ್ಕೆ ಅಂದ್ರೆ ಎಂತಕ್ಕೂ ಅಲ್ಲ. ನೀ ಸತ್ತೋರಂಗೆ ಮಲ್ಗಿದ್ದೆ. ಗುಳಿಗೆ ತಕಂಡ ಮೇಲೆ ಎದ್ದು ಕೂತೆ, ತಲೆ ಬಾಚ್ದೆ, ಕೆಲ್ಸಕ್ಕೆ ಹೋದೆ. ದಿನಾ ನೋಡ್ದೆ ನಾ."

ದಿನಾ ಬೆಳಿಗ್ಗೆ ನನ್ನ ಗಂಟಲ ಮೇಲೆ ಇದ್ದ ಆ ಕಣ್ಣು. ದ್ವೇಷ ಅಂದುಕೊಂಡಿದ್ದೆ. ಆಸೆ.

ಕರುಣೆ ಬಂತಾ? ಇಲ್ಲ. ಕೆನ್ನೆಗೆ ಹೊಡೆಯಬೇಕು ಅನಿಸಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಜೊತೆಗೇ ಕರೆದುಕೊಂಡು ಹೋಗುತ್ತಿದ್ದೆನಲ್ಲ. ನನ್ನ ಮಾತ್ರೆ ಕದ್ದಳು, ನನ್ನನ್ನೇ ಹುಚ್ಚಿ ಅಂದಳು. ನಾಳೆ ಕುಮಟಾಕ್ಕೆ ಬರಬೇಕು ಅಂತ ಹೇಳಿದ್ದೇನೆ. ಕೇಳಿದ್ದಲ್ಲ, ಹೇಳಿದ್ದು.

ನವೆಂಬರ್ 25, ಸೋಮವಾರ

ಹೊನ್ನಾವರ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾರ್ಕೆಟ್ಟಿನ ಹುಲಿ.

ಡಾಕ್ಟರಮ್ಮ ಅವಳ ತೋಳಿನ ಕಲೆಗಳನ್ನು ನೋಡಿ ಕೇಳಿದರು, ಬೇರೆ ಏನು ತಿಂತೀರಿ. ಮಂಡಿನೋವಿನ ಮಾತ್ರೆ ಅಂತ ನಾನೇ ಹೇಳಿದೆ. "ಅದೂ ಇದೂ ಸೇರಿದ್ರೆ ಒಳಗೆ ರಕ್ತ ಒಸರಬಹುದು. ಮಲ ಕಪ್ಪಗೆ ಹೋದ್ರೆ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ. ಒಬ್ಬರ ಮಾತ್ರೆ ಇನ್ನೊಬ್ಬರಿಗಲ್ಲ ಅಮ್ಮ. ನಿಮಗೆ ಯಾವುದು, ಎಷ್ಟು ಅಂತ ರಕ್ತ ಪರೀಕ್ಷೆ ನೋಡಿ ಹೇಳ್ತೆ. ಗುರುವಾರ ಬನ್ನಿ. ಅಲ್ಲಿ ತನಕ ಎರಡೂ ಬಂದ್."

"ಹಂಗಾರೆ ನಂಗೆ ಹುಚ್ಚಾ?"

"ಅಲ್ಲ. ಬಿಪಿ ಇದ್ದಂಗೆ ಇದೂ ಒಂದು ಕಾಯಿಲೆ."

ವಾಪಸು ಬರುವಾಗ ಶರಾವತಿ ಸೇತುವೆ ಮೇಲೆ ಕಿವಿಯಲ್ಲಿ ಅಂದಳು: "ಯಾರಿಗೂ ಹೇಳ್ಬೇಡ."

"ಮೊದಲು ನನಗೆ ಇಟ್ಟ ಹೆಸರು ವಾಪಸು ತಗೊಳ್ಳಿ."

ತಗೊಳ್ಳಲಿಲ್ಲ. ಕಿಟಕಿಯಾಚೆ ಹೊಳೆ ನೋಡಿದಳು.

ನವೆಂಬರ್ 27, ಬುಧವಾರ. ಬೆಳಿಗ್ಗೆ

ಅಡುಗೆಮನೆ ನೆಲದ ಮೇಲೆ ಕೂತಿದ್ದಾಳೆ. ಬುಟ್ಟಿ ಖಾಲಿ. ಮೈಯೆಲ್ಲ ನಡುಕ.

"ಒಂದೇ ಕೊಡೆ. ಇವತ್ತಿಗೆ ಮಾತ್ರ."

ಕೈ ಚಾಚಿದಳು. ಐದು ವರ್ಷ ಕಾದಿದ್ದೆ, ಈ ಕೈ ನನ್ನ ಮುಂದೆ ಚಾಚುವುದನ್ನು ನೋಡಲಿಕ್ಕೆ. ನೋಡಿದೆ. ಏನೂ ಸುಖವಿಲ್ಲ.

"ಇಲ್ಲ. ನಾಳೆ ನಿಮ್ಮದು ನಿಮಗೆ ಸಿಗ್ತದೆ."

"ಸೇಡು ತೀರ್ಸ್ಕಂತೆ ನೀನು."

"ಹೌದು ಅಂತಲೇ ತಿಳ್ಕೊಳ್ಳಿ."

ಅತ್ತಳು. ದನಿ ಇಲ್ಲದೆ, ಬಾಯಿಗೆ ಸೆರಗು ತುರುಕಿಕೊಂಡು. ಡಾಕ್ಟರಿಗೆ ಫೋನ್ ಮಾಡಿದೆ. ಒಬ್ಬರೇ ಬಿಡಬೇಡಿ, ಹೆಚ್ಚಾದರೆ ಇವತ್ತೇ ಕರೆತನ್ನಿ ಅಂದರು. ಆಫೀಸಿಗೆ ರಜೆ ಹೇಳಿದೆ. ಒಲೆಯ ಮೇಲೆ ಗಂಜಿ ಇಟ್ಟೆ. ಗಂಜಿ ಕುಡ್ದು ಬದುಕ್ದೋರಲ್ಲವಾ, ಕುಡಿಯಲಿ.

ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಬಲಗೈಯಲ್ಲಿ ಪೆನ್ನು. ಎಡಗೈ ಅವಳ ಹತ್ತಿರ ಇದೆ. ನಾನು ಕೊಟ್ಟದ್ದಲ್ಲ, ಅವಳೇ ಹಿಡಿದದ್ದು. ಈಗ ಬಿಡು ಅಂದರೂ ಬಿಡುತ್ತಿಲ್ಲ ಮುದುಕಿ. ಅಲ್ಲಿ ಗಂಜಿ ಉಕ್ಕಿ ಬರುತ್ತಿದೆ, ಪೆನ್ನು ಇಡಬೇಕು.