ಕಾಶಿಯಲ್ಲಿ ಬಿಟ್ಟ ಹೆಸರುಕಾಳು

ವಿದ್ಯಾರಣ್ಯಪುರ, 12-6-2014

ತಂಗಿ ಸರಳಾಗೆ ಅಕ್ಕನ ಆಶೀರ್ವಾದ.

ಮಗಳ ಮನೆಗೆ ಬಂದು ಹದಿನೈದು ದಿನವಾದರೂ ಕಾಲಿಗೆ ಶಕ್ತಿ ಬಂದಿಲ್ಲ. ಪಥ್ಯ ಬರೆದುಕೊಡುವ ಹುಡುಗಿ ಸಕ್ಕರೆ ಕಾಯಿಲೆಗೆಂದು ಇಡ್ಲಿ, ದೋಸೆ, ಉಪ್ಪಿಟ್ಟು ಎಲ್ಲ ಬಿಡಿಸಿ, "ಬೆಳಿಗ್ಗೆ ಪ್ರೋಟೀನ್ ಬೇಕೇ ಬೇಕು ಅಜ್ಜಿ" ಎಂದಳು. ಮೊಟ್ಟೆ ನಮಗಾಗದು, ಹಾಲು ನನ್ನ ಹೊಟ್ಟೆಗಾಗದು. ಉಳಿದದ್ದು ಮೊಳಕೆ ಬಂದ ಹೆಸರುಕಾಳು. ಇಲ್ಲಿ ಅದನ್ನು ಬೇಯಿಸದೆ, ಬಾಲದ ಸಮೇತ, ಚಮಚದಲ್ಲಿ ತಿನ್ನುತ್ತಾರೆ!

ಕಾಶಿಯಲ್ಲಿ ನಾನು ಬಿಟ್ಟು ಬಂದದ್ದು ಅದನ್ನೇ ಅಲ್ಲವೇ? ತಿನ್ನಬಹುದೋ ಇಲ್ಲವೋ ಕೇಳೋಣವೆಂದು ಬೀಗಿತ್ತಿ ಗೋಪಾಲಮ್ಮನವರು ಪುರೋಹಿತರನ್ನೇ ಕರೆಸಿದರು.

"ಇಷ್ಟವಾದ್ದನ್ನ ಬಿಟ್ಟಿದ್ರೆ ತಿನ್ನೋ ಹಾಗಿಲ್ಲ ತಾಯಿ. ನಿಮ್ಗೆ ಹೆಸರುಕಾಳು ಅಷ್ಟು ಇಷ್ಟಾನಾ?"

ಎಲ್ಲರೂ ನನ್ನ ಮುಖ ನೋಡಿದರು. ಕಾಲು ಬೇಕೋ ಮಾನ ಬೇಕೋ ಎಂದು ಯೋಚಿಸಿ, "ಚಿಕ್ಕಂದಿನಿಂದ ಕಂಡ್ರೇ ಆಗಲ್ಲ ಸ್ವಾಮಿ, ಅದಕ್ಕೇ ಬಿಟ್ಟೆ" ಎಂದೆ.

"ಹಂಗಾದ್ರೆ ಅದು ವ್ರತಾನೇ ಅಲ್ಲ, ಧಾರಾಳವಾಗಿ ತಿನ್ನಿ" ಎಂದರು.

ಗೋಪಾಲಮ್ಮನವರು ಬಾಯಿಗೆ ಸೆರಗಿಟ್ಟು, "ವಿಶ್ವನಾಥಂಗೇ ಟೋಪಿ ಹಾಕಿದ್ರಲ್ಲ ಬೀಗಿತ್ತಿಯೋರೇ!" ಎಂದು ನಕ್ಕರು.

ಈಗ ದಿನವೂ ಒಂದು ಬಟ್ಟಲು, ಮೂಗು ಹಿಡಿದು. ನಿನ್ನೆ ಗೇಟಿನವರೆಗೆ ಒಬ್ಬಳೇ ನಡೆದೆ.

ನೀನು ಅಲ್ಲಿ ಬಿಟ್ಟದ್ದು ಹಾಗಲಕಾಯಿ. ಸಕ್ಕರೆ ಪರೀಕ್ಷೆಗೆ ಹೋಗುವಾಗ ನಿನ್ನ ಬೀಗರನ್ನು ಜೊತೆಗೆ ಕರೆದುಕೊಂಡು ಹೋಗಬೇಡ.

ನಿನ್ನ ಅಕ್ಕ